ಫೋನು ಒಬ್ಬರದು, ಬಳಕೆ ಇಬ್ಬರದು

ಮೊಬೈಲ್ ಸೇವೆಗಳನ್ನು ವಿನ್ಯಾಸ ಮಾಡುವ ನಮ್ಮ ವೃತ್ತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಒಪ್ಪಿಕೊಂಡಿರುವ ನಂಬಿಕೆಯೊಂದಿದೆ: ಒಂದು ಫೋನಿಗೆ ಒಬ್ಬ ಬಳಕೆದಾರ, ಅವನಿಗೆ ಒಂದು ನಂಬರು, ಒಂದು ಭಾಷೆ, ಒಂದು ಬ್ಯಾಂಕ್ ಖಾತೆ. ಹಣದ ಒಡೆಯನೂ ಅವನೇ, ಪರದೆಯನ್ನು ಓದುವವನೂ ಅವನೇ, ಗುಂಡಿ ಒತ್ತುವವನೂ ಅವನೇ. ಮುಂಬಯಿಯಲ್ಲಿ ಪಾವತಿ, ಟಿಕೆಟ್, ವಿಮೆಯಂಥ ಸೇವೆಗಳಿಗೆ ಪರದೆಗಳನ್ನು ರೂಪಿಸುತ್ತ ಬಂದ ನನಗೆ ಈ ನಂಬಿಕೆಗೆ ಹೊಂದುವ ಮನೆಗಳಿಗಿಂತ ಹೊಂದದ ಮನೆಗಳೇ ಹೆಚ್ಚಾಗಿ ಎದುರಾಗಿವೆ. ಡೊಂಬಿವಲಿಯಲ್ಲಿ ಅತ್ತೆಯ ಪಿಂಚಣಿ ಜಮೆಯಾಯಿತೇ ಎಂದು ಸೊಸೆ ನೋಡಿ ಹೇಳುತ್ತಾಳೆ. ಮಾಟುಂಗದ ಹೋಟೆಲಿನಲ್ಲಿ ಮಾಲೀಕರ ಖಾತೆಗೆ ಹಣ ಬಂತೇ ಎಂಬುದನ್ನು ಪಾರ್ಸೆಲ್ ಕೌಂಟರಿನ ಹುಡುಗ ಖಚಿತಪಡಿಸಿಕೊಳ್ಳಬೇಕು. ಮಗಳು ಲೋಕಲ್ ಟ್ರೈನಿನಲ್ಲಿ ನಿಂತಿರುವಾಗ ಅವಳ ಹೆಸರಿಗೆ ಬಂದ ಪಾರ್ಸೆಲನ್ನು ಕಟ್ಟಡದ ವಾಚ್‌ಮನ್ ಪಡೆದುಕೊಳ್ಳುತ್ತಾನೆ. ಅದಕ್ಕೆ ಬೇಕಾದ ಓಟಿಪಿ ಮಾತ್ರ ಅವಳ ಫೋನಿಗೆ ಬರುತ್ತದೆ, ಅಷ್ಟರಲ್ಲಿ ರೈಲು ನೆಟ್‌ವರ್ಕ್ ಇಲ್ಲದ ಜಾಗದಲ್ಲಿರುತ್ತದೆ. ಸೇವೆ ಮತ್ತು ಅದರ ಫಲಾನುಭವಿಯ ನಡುವೆ ಇನ್ನೊಬ್ಬರು ಇದ್ದೇ ಇರುತ್ತಾರೆ. ಈ ಎರಡನೆಯವರನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿದು ವಿನ್ಯಾಸ ಮಾಡಬೇಕು ಎಂಬುದು ನನ್ನ ವಾದ.

ಇದಕ್ಕೆ ನನಗೆ ಕಾಣುವ ಅತ್ಯುತ್ತಮ ಉದಾಹರಣೆ ಹಣ ಬಂತೆಂದು ಅಂಗಡಿ ಅಂಗಡಿಗಳಲ್ಲಿ ಕೂಗುವ ಸೌಂಡ್ ಬಾಕ್ಸ್. ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಯುಪಿಐಯನ್ನು ಆರಂಭಿಸಿದಾಗ ಅದರ ಹಿಂದಿದ್ದ ಚಿತ್ರ ಸರಳವಾಗಿತ್ತು: ಕೊಡುವವರ ಕೈಯಲ್ಲಿ ಒಂದು ಫೋನು, ಪಡೆಯುವವರ ಕೈಯಲ್ಲಿ ಇನ್ನೊಂದು. ಆದರೆ ನಮ್ಮವರು ನಡೆಸುವ ಉಡುಪಿ ಹೋಟೆಲೊಂದರ ಬೆಳಗಿನ ಹೊತ್ತನ್ನು ನೆನೆಸಿಕೊಳ್ಳಿ. ಖಾತೆ ಮಾಲೀಕರ ಹೆಸರಿನಲ್ಲಿದೆ, ಹಣ ಬಂದ ಸಂದೇಶ ಅವರ ಫೋನಿಗೆ ಹೋಗುತ್ತದೆ, ಅವರು ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ ಅಥವಾ ಮುಲುಂಡಿನ ಮನೆಯಲ್ಲಿದ್ದಾರೆ. ಗಲ್ಲಾದಲ್ಲಿ ಕುಳಿತವರಿಗೆ, ಇಡ್ಲಿ ಕಟ್ಟಿಕೊಡುವ ಹುಡುಗನಿಗೆ ಹಣ ಬಂದದ್ದು ತಿಳಿಯುವ ದಾರಿಯೇ ಇಲ್ಲ. ಗಿರಾಕಿ ತನ್ನ ಪರದೆಯನ್ನು ತೋರಿಸಿದರೆ ನಂಬಬೇಕು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರು ಹುಟ್ಟಿಕೊಂಡದ್ದು ಈ ಸಂದಿನಲ್ಲೇ. ಮಾಲೀಕರ ಫೋನನ್ನೇ ಗಲ್ಲಾದ ಮೇಲಿಟ್ಟರೆ ಅದರ ಜೊತೆಗೆ ಅವರ ಬ್ಯಾಲೆನ್ಸು, ಮನೆಯ ಫೋಟೊಗಳು, ವಾಟ್ಸ್ಆ್ಯಪ್ ಎಲ್ಲವೂ ಗಲ್ಲಾದ ಮೇಲೆ ಕುಳಿತಂತಾಗುತ್ತದೆ.

ತನ್ನದೇ ಸಿಮ್, ತನ್ನದೇ ಬ್ಯಾಟರಿ ಇರುವ ಆ ಪುಟ್ಟ ಪೆಟ್ಟಿಗೆ ಈ ಗಂಟನ್ನು ಬಿಡಿಸಿತು. ಅದು ಹೇಳುವುದು ಇಂತಿಷ್ಟು ರೂಪಾಯಿ ಬಂತು ಎಂಬುದೊಂದನ್ನೇ. ಖಾತೆಯಲ್ಲಿ ಒಟ್ಟು ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ, ಹಣವನ್ನು ಹಿಂದಕ್ಕೆ ಕಳಿಸುವ ಅಧಿಕಾರವನ್ನೂ ಯಾರಿಗೂ ಕೊಡುವುದಿಲ್ಲ. ಕೆಲಸದ ಹುಡುಗನಿಗೆ ಬೇಕಾದಷ್ಟು ಮಾಹಿತಿ ಅವನ ಕಿವಿಗೆ ಬಿತ್ತು, ಬೇಡದ್ದೆಲ್ಲ ಮಾಲೀಕರ ಜೇಬಿನಲ್ಲೇ ಉಳಿಯಿತು. ವಿನ್ಯಾಸದ ದೃಷ್ಟಿಯಿಂದ ಇದರ ಹಿರಿಮೆ ಧ್ವನಿಗಿಂತ ಹೆಚ್ಚಾಗಿ ಈ ಹಂಚಿಕೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಪೆಟ್ಟಿಗೆ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದೂ ಇಲ್ಲಿ ಸುಲಭದ ಪ್ರಶ್ನೆಯಲ್ಲ. ಮಾಲೀಕರ ಮನೆಮಾತು ತುಳು ಅಥವಾ ಕನ್ನಡ, ಸಪ್ಲೈಯರ್‌ಗಳು ಒಡಿಶಾದಿಂದಲೋ ನೇಪಾಳದಿಂದಲೋ ಬಂದವರು, ಗಿರಾಕಿಗಳಲ್ಲಿ ಮರಾಠಿ, ಗುಜರಾತಿ, ತಮಿಳು ಎಲ್ಲರೂ ಇದ್ದಾರೆ. ನನಗೆ ಪರಿಚಯದ ಹೋಟೆಲಿಗರೊಬ್ಬರು ಮೊದಲು ಅಭಿಮಾನದಿಂದ ಕನ್ನಡವನ್ನೇ ಆರಿಸಿಕೊಂಡಿದ್ದರು, ಆಮೇಲೆ ಹಿಂದಿಗೆ ಬದಲಾಯಿಸಿದರು. ಕಾರಣ ಕೇಳಿದಾಗ, "ನನಗೆ ಲೆಕ್ಕ ರಾತ್ರಿ ಸಿಕ್ಕಿದರೆ ಸಾಕು ಮಾರಾಯ್ರೇ, ಈಗಿಂದೀಗ ಕೇಳಿಸಬೇಕಾದ್ದು ಆ ಹುಡುಗನಿಗೆ," ಎಂದರು. ಕೊಂಡವರು ಯಾರು, ಕೇಳುವವರು ಯಾರು ಎಂಬ ವ್ಯತ್ಯಾಸವನ್ನು ಅಷ್ಟು ಚುಟುಕಾಗಿ ನಮ್ಮ ಯಾವ ಸಭೆಯಲ್ಲೂ ಯಾರೂ ಹೇಳಿದ್ದಿಲ್ಲ.

ಈ ಪೆಟ್ಟಿಗೆಗೂ ಮಿತಿಗಳಿವೆ. ಇಬ್ಬರು ಒಂದೇ ಹೊತ್ತಿಗೆ ತಲಾ 80 ರೂಪಾಯಿ ಕೊಟ್ಟು ಪೆಟ್ಟಿಗೆ ಒಮ್ಮೆ ಮಾತ್ರ ಕೂಗಿದರೆ ಬಂದದ್ದು ಯಾರ ಹಣ ಎಂದು ಅದು ಹೇಳಲಾರದು. ಮಿಕ್ಸರ್ ತಿರುಗುವಾಗ ಕೂಗಿದ್ದು ಕೇಳಿಸುವುದೂ ಇಲ್ಲ. ಈಗೀಗ ಕೆಲವು ಪೆಟ್ಟಿಗೆಗಳಿಗೆ ಮೊತ್ತ ತೋರಿಸುವ ಸಣ್ಣ ಪರದೆಯನ್ನು ಸೇರಿಸಿರುವುದು ಒಳ್ಳೆಯದೇ ಆಗಿದೆ.

ಮುಂಬಯಿಯ ಉಪನಗರ ರೈಲಿಗೆ ಬರೋಣ. 2014ರಲ್ಲಿ ರೈಲ್ವೆಯ ಯುಟಿಎಸ್ ಆ್ಯಪ್ ಮೂಲಕ ಫೋನಿನಲ್ಲೇ ಲೋಕಲ್ ಟಿಕೆಟ್ ತೆಗೆಯುವ ವ್ಯವಸ್ಥೆ ಇಲ್ಲಿಗೆ ಬಂತು. ಕಾಗದವಿಲ್ಲದ ಟಿಕೆಟು ಬುಕ್ ಮಾಡಿದ ಫೋನಿನಲ್ಲೇ ಇರಬೇಕು, ಅದರ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ನಿಲ್ದಾಣದ ಒಳಗೆ ನಿಂತು ಬುಕ್ ಮಾಡುವುದಕ್ಕೂ ನಿರ್ಬಂಧವಿದೆ. ಟಿಸಿಯನ್ನು ಕಂಡ ಮೇಲೆ ಟಿಕೆಟ್ ತೆಗೆಯುವವರನ್ನು ತಡೆಯಲು ಈ ಕಟ್ಟುಪಾಡುಗಳು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಲೋವರ್ ಪರೇಲಿನ ಕಚೇರಿಯಲ್ಲಿರುವ ಮಗ, ಭಾಂಡುಪಿನಿಂದ ಠಾಣೆಗೆ ಹೊರಟ ತಾಯಿಗಾಗಿ ತನ್ನ ಫೋನಿನಲ್ಲಿ ಇಂಥ ಟಿಕೆಟ್ ತೆಗೆದುಕೊಡಲಾರ. ಪ್ರಯಾಣ ಮಾಡುವವರ ಕೈಯಲ್ಲೇ ಸ್ಮಾರ್ಟ್‌ಫೋನ್ ಇರುತ್ತದೆ, ಅದನ್ನು ಬಳಸಲೂ ಅವರಿಗೆ ಬರುತ್ತದೆ ಎಂಬ ಊಹೆ ಈ ವ್ಯವಸ್ಥೆಯ ಬುಡದಲ್ಲಿದೆ.

ಅದೇ ನಿಲ್ದಾಣದ ಎಟಿವಿಎಂ ಯಂತ್ರದ ಮುಂದೆ ಬೇರೆಯೇ ದೃಶ್ಯ ಕಾಣುತ್ತದೆ. ಪ್ರಯಾಣಿಕರು ತಾವೇ ಟಿಕೆಟ್ ತೆಗೆಯಲೆಂದು ಇಟ್ಟ ಯಂತ್ರ ಅದು. ಅದರ ಪಕ್ಕದಲ್ಲಿ ರೈಲ್ವೆಯೇ ನೇಮಿಸಿದ ಸಹಾಯಕರು ನಿಂತಿರುತ್ತಾರೆ, ಅವರಲ್ಲಿ ನಿವೃತ್ತ ರೈಲ್ವೆ ನೌಕರರೂ ಇರುತ್ತಾರೆ, ಮಾರಿದ ಟಿಕೆಟಿನ ಮೇಲೆ ಅವರಿಗೆ ಕಮಿಷನ್ ಸಿಗುತ್ತದೆ. "ಠಾಣೆ, ರಿಟರ್ನ್" ಎಂದರೆ ಸಾಕು, ಬೆರಳುಗಳು ಪರದೆಯ ಮೇಲೆ ಓಡಿ ಕಾಗದದ ಟಿಕೆಟ್ ಕೈಗೆ ಬರುತ್ತದೆ. ಸ್ವಯಂಸೇವೆಯ ಯಂತ್ರಕ್ಕೆ ಆಳು ಬೇಕಾಯಿತೆಂದರೆ ವಿನ್ಯಾಸ ಸೋತಂತೆ ಎಂದು ನಗುವ ಸಹೋದ್ಯೋಗಿಗಳಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಎರಡನೆಯವರಿಗೆ ಅಧಿಕೃತ ಸ್ಥಾನವನ್ನೂ ಸಂಪಾದನೆಯನ್ನೂ ಕೊಟ್ಟ ವ್ಯವಸ್ಥೆ ಅದು. ಪ್ರಯಾಣಿಕರ ಗುಟ್ಟು ಯಾವುದೂ ಆ ಸಹಾಯಕರ ಕೈ ಸೇರುವುದಿಲ್ಲ. ಬ್ಯಾಂಕುಗಳು ಶಾಖೆಯ ಹೊರಗೆ ಪ್ರತಿನಿಧಿಗಳ ಮೂಲಕ ಸೇವೆ ಕೊಡಲು 2006ರಲ್ಲಿ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟದ್ದೂ ಇದೇ ಜಾಡಿನ ಆಲೋಚನೆ. ಇಂದು ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರೆಂದು ಕರೆಸಿಕೊಳ್ಳುವವರು ಅದರಿಂದ ಬಂದವರು.

ತೊಡಕು ಶುರುವಾಗುವುದು ಗುಟ್ಟಿನ ವಿಷಯದಲ್ಲಿ. ನೆರವಾಗುವ ಮಗನಿಗೆ ತಾಯಿಯ ಯುಪಿಐ ಪಿನ್ ಗೊತ್ತಿರುತ್ತದೆ, ಏಕೆಂದರೆ ಅದನ್ನು ಹಾಕಿಕೊಟ್ಟವನೇ ಅವನು. ಕಾಗದದ ಮೇಲೆ ಇದು ಸುರಕ್ಷತೆಯ ಉಲ್ಲಂಘನೆ, ಮನೆಯೊಳಗೆ ದಿನನಿತ್ಯದ ವ್ಯವಹಾರ. ನಿಯಮವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದರೆ ಇದು ನಿಲ್ಲುವುದಿಲ್ಲ. ಪಿನ್ ಹೇಳದೆಯೂ ನೆರವು ಪಡೆಯುವ ದಾರಿ ಇದ್ದರೆ ಮಾತ್ರ ನಿಂತೀತು. 2024ರ ಆಗಸ್ಟ್‌ನಲ್ಲಿ ಬಂದ ಯುಪಿಐ ಸರ್ಕಲ್ ಈ ದಿಕ್ಕಿನ ಹೆಜ್ಜೆ. ಖಾತೆದಾರರು ತಮ್ಮವರೊಬ್ಬರನ್ನು ಸೇರಿಸಿಕೊಂಡು, ಪ್ರತಿ ಪಾವತಿಗೂ ತಮ್ಮ ಒಪ್ಪಿಗೆ ಬೇಕು ಎನ್ನಬಹುದು, ಇಲ್ಲವೇ ತಿಂಗಳಿಗೆ 15,000 ರೂಪಾಯಿವರೆಗೆ ಮಿತಿ ಗೊತ್ತುಮಾಡಿ ಬಿಟ್ಟುಕೊಡಬಹುದು. ಇಲ್ಲಿ ಪಿನ್ ಕೈ ಬದಲಾಗುವುದಿಲ್ಲ. ಒಂದು ಖಾತೆಯನ್ನು ಇಬ್ಬರು ಬಳಸುತ್ತಾರೆ ಎಂಬ ವಾಸ್ತವವನ್ನು ವ್ಯವಸ್ಥೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದು ನನಗೆ ಸಂತೋಷ ತಂದಿತು. ಆದರೂ ಇದು ಮುಖ ಮಾಡಿದ ದಿಕ್ಕನ್ನು ಗಮನಿಸಬೇಕು: ಫೋನು ಬಲ್ಲ ಯಜಮಾನರು ಹಣವಿಲ್ಲದ ಕಿರಿಯರಿಗೆ ಖರ್ಚಿಗೆ ಬಿಟ್ಟುಕೊಡುವ ಮನೆಗೆ ಇದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಕೆಲಸದಲ್ಲಿ ಪದೇ ಪದೇ ಎದುರಾಗುವುದು ತಿರುವುಮುರುವಾದ ಮನೆ. ಹಣ ಫೋನು ಬಾರದ ತಾಯಿಯದು, ಫೋನು ಬಲ್ಲವನು ಮಗ. ಅಲ್ಲಿ ವ್ಯವಸ್ಥೆಯನ್ನು ಸಿದ್ಧಪಡಿಸಬೇಕಾದವರೂ ಒಪ್ಪಿಗೆ ಕೊಡಬೇಕಾದವರೂ ತಾಯಿಯೇ ಆಗುತ್ತಾರೆ, ಅಂದರೆ ನಾವು ಹೊರಟ ಜಾಗಕ್ಕೇ ಮರಳುತ್ತೇವೆ.

ಹೀಗಾಗಿ ನಾವು ಒಂದು ಪದ್ಧತಿಯನ್ನು ಪಾಲಿಸುತ್ತೇವೆ. ಒಂದು ಕೆಲಸದಲ್ಲಿ ನೆರವಿನವರು ಮಾಡಬಹುದಾದ ಹಂತಗಳನ್ನೆಲ್ಲ ಮೊದಲಿಗೆ ತಂದು, ಖಾತೆದಾರರೇ ಮಾಡಬೇಕಾದ್ದನ್ನು ಕೊನೆಯ ಒಂದೇ ಪರದೆಗೆ ಇಳಿಸುತ್ತೇವೆ. ಹೆಸರು ಹುಡುಕುವುದು, ಮೊತ್ತ ತುಂಬುವುದು, ಪಾಲಿಸಿ ನಂಬರು ಹಾಕುವುದು ಮಗಳ ಪಾಲು. ಆಮೇಲೆ, ಫೋನನ್ನು ಖಾತೆದಾರರ ಕೈಗೆ ಕೊಡಿ ಎಂಬ ಸೂಚನೆ. ಆ ಕೊನೆಯ ಪರದೆಯಲ್ಲಿ ಯಾರಿಗೆ, ಎಷ್ಟು ಎಂಬೆರಡು ಮಾತುಗಳಲ್ಲದೆ ಬೇರೇನೂ ಇರಬಾರದು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು, ಗುಂಡಿ ಒತ್ತಿದರೆ ಓದಿ ಹೇಳಬೇಕು. 12,500 ಮತ್ತು 1,25,000ರ ನಡುವಿನ ವ್ಯತ್ಯಾಸ ಕಣ್ಣಿಗೆ ತಪ್ಪಿದರೂ ಕಿವಿಗೆ ತಪ್ಪುವುದಿಲ್ಲ.

ಓದಿ ಹೇಳುವುದು ಯಾವ ಭಾಷೆಯಲ್ಲಿ? ಫೋನಿಗೆ ಒಂದು ಭಾಷೆ ಎಂಬ ಕಲ್ಪನೆ ಮುಂಬಯಿ ಕನ್ನಡಿಗರ ಮನೆಯಲ್ಲಿ ನಿಲ್ಲುವುದಿಲ್ಲ. ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರು ಕನ್ನಡವನ್ನು ಸರಾಗವಾಗಿ ಓದುತ್ತಾರೆ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾರೆ. ಇಲ್ಲೇ ಬೆಳೆದ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲಿ ಕನ್ನಡ ಮಾತಾಡಿದರೂ ಅದರ ಲಿಪಿಯನ್ನು ಓದಲಾರರು. ಫೋನಿನ ಸೆಟ್ಟಿಂಗ್ ಮೊಮ್ಮಗ ಮಾಡಿದ್ದು, ಆದ್ದರಿಂದ ಅದು ಇಂಗ್ಲಿಷಿನಲ್ಲಿರುತ್ತದೆ. ಭಾಷೆಯ ಆಯ್ಕೆಯನ್ನು ಸೆಟ್ಟಿಂಗಿನ ಆಳದಲ್ಲಿ ಹೂಳದೆ ಆ ಕೊನೆಯ ಪರದೆಯ ಮೇಲೆಯೇ ಇಟ್ಟರೆ, ಉಳಿದದ್ದೆಲ್ಲ ಮೊಮ್ಮಗನ ಭಾಷೆಯಲ್ಲಿದ್ದರೂ ಒಪ್ಪಿಗೆಯೊಂದು ಅಜ್ಜಿಯ ಭಾಷೆಯಲ್ಲಿ ಆಗುತ್ತದೆ.

ಇದಕ್ಕೆ ತಗಲುವ ಖರ್ಚು ಬರೀ ಅನುವಾದದ್ದಲ್ಲ. ಇಂಗ್ಲಿಷಿನ ಎಸ್ಎಂಎಸ್ ಒಂದರಲ್ಲಿ 160 ಅಕ್ಷರಗಳು ಹಿಡಿದರೆ ಕನ್ನಡದ ಎಸ್ಎಂಎಸ್‌ನಲ್ಲಿ ಹಿಡಿಯುವುದು 70 ಮಾತ್ರ, ಅದರಲ್ಲೂ ಕಾಗುಣಿತದ ಚಿಹ್ನೆಗಳೂ ಒತ್ತಕ್ಷರದೊಳಗೆ ಅಡಗಿರುವ ಹಲಂತ ಚಿಹ್ನೆಯೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಒಂದು ಸಂದೇಶ ಮೂರಾಗಿ ಒಡೆದು ಮೂರರ ದರ ಬೀಳುವುದನ್ನು ಕಂಡ ಲೆಕ್ಕದ ವಿಭಾಗದವರು ಇಂಗ್ಲಿಷಿನಲ್ಲೇ ಇರಲಿ ಎನ್ನುತ್ತಾರೆ. ನಮ್ಮ ಕೆಲಸ ಸಂದೇಶವನ್ನು ಅನುವಾದಿಸುವ ಬದಲು 70ರೊಳಗೆ ಹೊಸದಾಗಿ ಬರೆಯುವುದು. ಮೊತ್ತ, ಯಾರಿಂದ, ಯಾವಾಗ ಎಂಬಷ್ಟಕ್ಕೆ ಅದು ಸಾಕಾಗುತ್ತದೆ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಗುಂಡಿಗಳಲ್ಲಿ ನಮ್ಮ ಒತ್ತಕ್ಷರಗಳ ಕೆಳಭಾಗ ಕೊಚ್ಚಿಹೋಗುವುದು ಹಳೆಯ ಕಥೆ. ಭಾರತೀಯ ಲಿಪಿಗಳನ್ನು ಅವುಗಳ ಸ್ವಭಾವಕ್ಕೆ ತಕ್ಕಂತೆ ನೋಡಿದವರೂ ಇದೇ ಊರಿನಲ್ಲಿದ್ದಾರೆ: ಪೊವಾಯಿಯ ಐಐಟಿಯ ವಿನ್ಯಾಸ ವಿಭಾಗದಲ್ಲಿ ರೂಪುಗೊಂಡ ಸ್ವರಚಕ್ರ ಕೀಲಿಮಣೆಯಲ್ಲಿ ವ್ಯಂಜನವನ್ನು ಮುಟ್ಟಿದೊಡನೆ ಅದರ ಸುತ್ತ ಕಾಗುಣಿತ ಚಕ್ರದಂತೆ ತೆರೆದುಕೊಳ್ಳುತ್ತದೆ.

ಪರೀಕ್ಷೆಯ ರೀತಿಯನ್ನೂ ಬದಲಿಸಬೇಕಾಗುತ್ತದೆ. ರೂಢಿಯಂತೆ ಒಬ್ಬರನ್ನೇ ಕರೆದು ಕೋಣೆಯಲ್ಲಿ ಕೂರಿಸಿ ಫೋನು ಕೊಟ್ಟರೆ, ಮನೆಯಲ್ಲಿ ಎಂದೂ ಒಂಟಿಯಾಗಿ ಮಾಡದ ಕೆಲಸವನ್ನು ಅವರು ನಮಗಾಗಿ ಒಂಟಿಯಾಗಿ ಮಾಡಲು ಹೆಣಗುತ್ತಾರೆ. ಅತ್ತೆ ಸೊಸೆಯರನ್ನು, ಹೋಟೆಲಿನ ಮ್ಯಾನೇಜರನ್ನೂ ಹುಡುಗನನ್ನೂ ಜೋಡಿಯಾಗಿ ಕರೆದರೆ ಫೋನು ಯಾವ ಹಂತದಲ್ಲಿ ಕೈ ಬದಲಾಯಿತು, ಯಾರು ಯಾರಿಗೆ ಓದಿ ಹೇಳಿದರು, ಏನನ್ನು ಬಿಟ್ಟು ಹೇಳಿದರು ಎಂಬುದು ಕಾಣುತ್ತದೆ. ಜೋಡಿಯಲ್ಲಿ ಒಬ್ಬರು ಮಾತಾಡುತ್ತ ಇನ್ನೊಬ್ಬರು ಸುಮ್ಮನಾಗುವುದೂ ಉಂಟು, ಅದಕ್ಕೆ ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸುವುದು ಒಳ್ಳೆಯದು. "ಅವಳು ಎಲ್ಲ ಸರಿಯಾಗೇ ಮಾಡ್ತಾಳಪ್ಪ, ಆದ್ರೆ ಎಷ್ಟು ಉಳೀತು ಅಂತ ಹೇಳೋದಿಲ್ಲ," ಎಂಬಂಥ ಮಾತು ಸೊಸೆ ಎದುರಿಗಿದ್ದಾಗ ಬರುವುದಿಲ್ಲ.

ಆ ಮಾತಿನಲ್ಲಿರುವ ಅಪಾಯವನ್ನು ವಿನ್ಯಾಸಕಾರರು ಕಡೆಗಣಿಸುವಂತಿಲ್ಲ. ನೆರವಿನವರಲ್ಲಿ ಮೋಸ ಮಾಡುವವರೂ ಇರುತ್ತಾರೆ, ಮೋಸವಿಲ್ಲದೆಯೂ ಖಾತೆದಾರರು ತಮ್ಮ ಹಣದಿಂದ ದೂರವಾಗುವುದಿದೆ. ಇದಕ್ಕೆ ದೊಡ್ಡ ಕಾರಣ ಬ್ಯಾಂಕಿನಲ್ಲಿ ಮಗನ ನಂಬರನ್ನು ಬರೆಸಿರುವುದು. ಸಂದೇಶಗಳೆಲ್ಲ ಅವನಿಗೆ ಹೋಗುತ್ತವೆ. ಅವನು ಪುಣೆಗೆ ಹೋಗಿ ಸಿಮ್ ಬದಲಿಸಿದರೆ, ನಿಂತುಹೋದ ನಂಬರು 90 ದಿನಗಳು ಕಳೆದ ಮೇಲೆ ಇನ್ನಾರದೋ ಪಾಲಾಗಬಹುದು. ಆಗ ತಾಯಿ ನಂಬರು ಬದಲಿಸಲು ಹೊರಟರೆ, ಹಳೆಯ ನಂಬರಿಗೆ ಬಂದ ಓಟಿಪಿಯನ್ನೇ ಕೇಳುವ ಆ್ಯಪ್‌ಗಳನ್ನು ನಾನು ಕಂಡಿದ್ದೇನೆ. ನಂಬರು ಬದಲಾವಣೆಯನ್ನು ಅಪರೂಪದ ಪ್ರಕರಣವೆಂದು ಪಟ್ಟಿಯ ಕೊನೆಗೆ ತಳ್ಳುವುದು ನಮ್ಮ ವೃತ್ತಿಯ ರೂಢಿ. ನನ್ನ ಯೋಜನೆಗಳಲ್ಲಿ ಅದನ್ನು ಖಾತೆ ತೆರೆಯುವ ಹಂತದ ಜೊತೆಗೇ ವಿನ್ಯಾಸ ಮಾಡಿಸುತ್ತೇನೆ: ಈ ನಂಬರು ನಿಮ್ಮದೇ ಅಥವಾ ಮನೆಯವರದೇ ಎಂದು ಆಗಲೇ ಕೇಳುವುದು, ಮನೆಯವರದಾದರೆ ತಿಂಗಳಿಗೊಮ್ಮೆ ಖಾತೆಯ ವಿವರವನ್ನು ಕಾಗದದಲ್ಲಿ ಪಡೆಯುವ ಆಯ್ಕೆ ಕೊಡುವುದು, ಹಳೆಯ ಫೋನು ಕೈಯಲ್ಲಿಲ್ಲದವರು ಶಾಖೆಗೆ ಹೋಗಿ ಗುರುತು ತೋರಿಸಿ ನಂಬರು ಬದಲಿಸುವ ದಾರಿಯನ್ನು ಮೊದಲ ಪರದೆಯಲ್ಲೇ ತಿಳಿಸುವುದು.