ತೂಕ ಮಗುವಿನದು, ಚಿಕಿತ್ಸೆ ಮನೆಗೆ

ಮಗುವಿನ ತೂಕ ಮಿತಿಮೀರಿದೆ ಎಂದು ವೈದ್ಯರು ಹೇಳಿದ ಮೇಲೆ ಬಹುತೇಕ ಮನೆಗಳಲ್ಲಿ ಒಬ್ಬರಿಗೆ ಮಾತ್ರ ಪಥ್ಯ ಶುರುವಾಗುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರ ತಟ್ಟೆಗಳು ಮೊದಲಿನಂತೆಯೇ ಇರುತ್ತವೆ. ಎಂಟು ವರ್ಷದ ಮಗುವೊಂದು ಎಲ್ಲರೂ ತಿನ್ನುವುದನ್ನು ನೋಡುತ್ತಾ ತಾನು ಮಾತ್ರ ಬೇಡ ಎನ್ನಬೇಕು. ದೊಡ್ಡವರಿಂದಲೇ ಆಗದ ಈ ಕೆಲಸವನ್ನು ನಾವು ಮಗುವಿಗೆ ಒಪ್ಪಿಸುತ್ತೇವೆ, ಆಗದಿದ್ದಾಗ ಅದನ್ನೇ ಬೈಯುತ್ತೇವೆ.

ಹಾಗಾದರೆ ಯಾರು ಬದಲಾಗಬೇಕು? ಅಮೆರಿಕದ ಮನಶ್ಶಾಸ್ತ್ರಜ್ಞ ಲೆನಾರ್ಡ್ ಎಪ್‌ಸ್ಟೀನ್ ಈ ಪ್ರಶ್ನೆಯನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೆನ್ನುಹತ್ತಿದವರು. ಮೊದಲು ಪಿಟ್ಸ್‌ಬರ್ಗ್‌ನಲ್ಲಿ, ಆಮೇಲೆ ಬಫಲೋದಲ್ಲಿ ನಡೆದ ಅವರ ಸಂಶೋಧನೆಯ ಪೈಕಿ 1990ರಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು ಮಕ್ಕಳ ವೈದ್ಯರು ಇಂದಿಗೂ ನೆನೆಯುತ್ತಾರೆ. 6ರಿಂದ 12 ವರ್ಷದ ಸ್ಥೂಲಕಾಯದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಲಾಗಿತ್ತು. ಆಹಾರ, ವ್ಯಾಯಾಮ, ಅಭ್ಯಾಸ ಬದಲಿಸುವ ಬಗೆ ಇವುಗಳ ಪಾಠ ಮೂವರಿಗೂ ಹೆಚ್ಚುಕಡಿಮೆ ಒಂದೇ. ಮೆಚ್ಚುಗೆ ಯಾರಿಗೆ, ಯಾವುದಕ್ಕೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಮೊದಲ ಗುಂಪಿನಲ್ಲಿ ಮಗು, ಹೆತ್ತವರು ಇಬ್ಬರ ಬದಲಾವಣೆಗೂ ಉತ್ತೇಜನವಿತ್ತು. ಎರಡನೆಯದರಲ್ಲಿ ಮಗುವಿಗೆ ಮಾತ್ರ. ಮೂರನೆಯದು ಹೋಲಿಕೆಗೆಂದು ಇಟ್ಟುಕೊಂಡ ಗುಂಪು, ಅಲ್ಲಿ ಯಾರ ತೂಕಕ್ಕೂ ವಿಶೇಷ ಉತ್ತೇಜನ ಇರಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಮತ್ತೆ ಅಳೆದರು. ಇಲ್ಲಿ ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ. ಎತ್ತರ ಏರುತ್ತಾ ತೂಕ ನಿಂತಲ್ಲೇ ನಿಂತರೂ ಅದು ಸುಧಾರಣೆಯೇ. ಹಾಗಾಗಿ ಕಿಲೋ ಲೆಕ್ಕ ಇಲ್ಲಿ ಸಾಲದು. ಆ ವಯಸ್ಸಿಗೆ, ಆ ಎತ್ತರಕ್ಕೆ ಇರಬೇಕಾದ ತೂಕಕ್ಕಿಂತ ಶೇಕಡಾ ಎಷ್ಟು ಹೆಚ್ಚಿದೆ ಎಂದು ನೋಡುತ್ತಾರೆ. ಮಕ್ಕಳನ್ನು ವಾರವಾರ ತೂಕದ ಯಂತ್ರದ ಮೇಲೆ ನಿಲ್ಲಿಸಿ ಸಂಖ್ಯೆ ಇಳಿಯಲಿಲ್ಲವೆಂದು ನೊಂದುಕೊಳ್ಳುವ ಹೆತ್ತವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಆ ಲೆಕ್ಕದಲ್ಲಿ, ಹೆತ್ತವರೂ ಜೊತೆಗೂಡಿದ ಗುಂಪಿನ ಮಕ್ಕಳ ಹೆಚ್ಚುವರಿ ತೂಕ ಹತ್ತು ವರ್ಷಗಳ ನಂತರವೂ ಆರಂಭಕ್ಕಿಂತ ಶೇ. 7.5ರಷ್ಟು ಕೆಳಗಿತ್ತು. ಮಗುವಿಗಷ್ಟೇ ಉತ್ತೇಜನ ಕೊಟ್ಟ ಗುಂಪಿನಲ್ಲಿ ಶೇ. 4.5ರಷ್ಟು ಏರಿತ್ತು. ಮೂರನೆಯದರಲ್ಲಿ ಏರಿಕೆ ಶೇ. 14.3. ತೂಕ ಇಳಿಸುವ ಚಿಕಿತ್ಸೆಗಳಲ್ಲಿ ಒಂದೆರಡು ವರ್ಷದೊಳಗೆ ಎಲ್ಲ ಮೊದಲಿನಂತಾಗುವುದೇ ಹೆಚ್ಚು. ಆರೇಳು ವರ್ಷದ ಮಗು ಹದಿನಾರು ಹದಿನೇಳು ಮುಟ್ಟುವವರೆಗೂ ಫಲ ಉಳಿಯಿತು ಎಂಬುದು ನನಗೆ ಈಗಲೂ ಅಚ್ಚರಿ.

ಇದರ ಹಿಂದಿನ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ. ಎಪ್‌ಸ್ಟೀನ್ ಮತ್ತು ಸಂಗಡಿಗರು ಆಹಾರವನ್ನು ಟ್ರಾಫಿಕ್ ದೀಪದ ಬಣ್ಣಗಳಲ್ಲಿ ವಿಂಗಡಿಸಿದ್ದರು. ಹಸಿರು ಎಂದರೆ ಕ್ಯಾಲೊರಿ ಕಡಿಮೆ, ಪೋಷಣೆ ಹೆಚ್ಚು, ಧಾರಾಳವಾಗಿ ತಿನ್ನಬಹುದು. ಹಳದಿ ಹಿತಮಿತ. ಕೆಂಪಿನಲ್ಲಿ ಸಕ್ಕರೆ, ಕೊಬ್ಬು ಜಾಸ್ತಿ. ಕೆಂಪೆಂದರೆ ಪೂರ್ತಿ ನಿಷೇಧವಲ್ಲ, ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ. ಓದಲು ಈಗಷ್ಟೇ ಕಲಿತ ಮಗುವಿಗೂ ಬಣ್ಣ ತಿಳಿಯುತ್ತದೆ. ತಾನು ತಿಂದದ್ದನ್ನು ತಾನೇ ಬರೆದಿಡುತ್ತದೆ, ಪಕ್ಕದಲ್ಲಿ ಅಪ್ಪನೋ ಅಮ್ಮನೋ ತಮ್ಮದನ್ನೂ ಬರೆಯುತ್ತಾರೆ.

1995ರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಇಷ್ಟ. 61 ಕುಟುಂಬಗಳ ಮಕ್ಕಳಲ್ಲಿ ಕೆಲವರನ್ನು ಹೆಚ್ಚು ವ್ಯಾಯಾಮ ಮಾಡಿದ್ದಕ್ಕೆ ಹುರಿದುಂಬಿಸಿದರು. ಕೆಲವರನ್ನು ಟಿವಿ ಮುಂದೆ ಕೂರುವಂಥ ಹೊತ್ತನ್ನು ಕಡಿಮೆ ಮಾಡಿದ್ದಕ್ಕೆ, ಇನ್ನು ಕೆಲವರನ್ನು ಎರಡಕ್ಕೂ. ವರ್ಷದ ಕೊನೆಗೆ ಎಲ್ಲರಿಗಿಂತ ಮುಂದಿದ್ದವರು ಕೂರುವುದನ್ನು ಕಡಿಮೆ ಮಾಡಿದವರು. ವ್ಯಾಯಾಮ ಮಾಡೆಂದು ಯಾರೂ ಅವರಿಗೆ ಗಂಟುಬಿದ್ದಿರಲಿಲ್ಲ, ಆದರೂ ಮೈ ದಣಿಸುವ ಆಟಗಳ ಮೇಲೆ ಅವರ ಪ್ರೀತಿ ಹೆಚ್ಚಿತ್ತು. ಓಡು ಎಂದರೆ ಓಟ ಶಿಕ್ಷೆಯಾಗುತ್ತದೆ. ಟಿವಿ ಆರಿಸಿ ಸುಮ್ಮನಾದರೆ, ಆ ಖಾಲಿ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಮಗುವಿನದೇ ಆಯ್ಕೆಯಾಗುತ್ತದೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ.

ಮಗುವಿನ ನಾಲಿಗೆ ಚಪಲ ಎಂದು ನಾವು ಹಳಿಯುವುದಕ್ಕೂ ಅವರ ತಂಡ ಕಾರಣ ಹುಡುಕಿತು. ಒಂದೇ ತಿನಿಸು ಮತ್ತೆ ಮತ್ತೆ ಸಿಕ್ಕಾಗ ಯಾರಿಗಾದರೂ ಸಾಕೆನಿಸುತ್ತದೆ. ಹೆಚ್ಚು ತೂಕದ ಮಕ್ಕಳಲ್ಲಿ ಆ ‘ಸಾಕು’ ತಡವಾಗಿ ಬರುತ್ತದೆ ಎಂದು 2007ರ ಅಧ್ಯಯನವೊಂದು ತೋರಿಸಿತು. ಬಗೆಬಗೆಯ ತಿನಿಸು ಎದುರಿಗಿದ್ದರೆ ಅದು ಇನ್ನೂ ತಡ. ಮಗುವಿನ ಹಟ ಮುರಿಯುವ ಬದಲು ಕೆಂಪು ತಿನಿಸಿನ ವೈವಿಧ್ಯ ಕಡಿಮೆ ಮಾಡುವುದು ಮೇಲೆಂದು ಇದರಿಂದ ಅನಿಸುತ್ತದೆ. ಮನೆಗೆ ಸಾಮಾನು ತರುವುದು ದೊಡ್ಡವರು ತಾನೆ.

ಇದು ಎಲ್ಲ ಮಕ್ಕಳಿಗೂ ಸಾಕಾಗುವ ಚಿಕಿತ್ಸೆಯಲ್ಲ. ಲೆಪ್ಟಿನ್ ಎಂಬ ಹಾರ್ಮೋನು ಹುಟ್ಟಿನಿಂದಲೇ ಇಲ್ಲದ, ಅದರಿಂದಾಗಿ ತಡೆಯಿಲ್ಲದ ಹಸಿವಿನಲ್ಲಿ ನರಳುವ ಮಕ್ಕಳಿದ್ದಾರೆ. ಸಂಖ್ಯೆ ತೀರಾ ವಿರಳ, ಆದರೆ ಅವರಿಗೆ ಬೇಕಾದದ್ದು ಆ ಹಾರ್ಮೋನೇ. ಜೊತೆಗೆ, ಎಪ್‌ಸ್ಟೀನ್ ಅವರ ಆರಂಭದ ಪ್ರಯೋಗಗಳು ಚಿಕ್ಕವು, ವಿಶೇಷ ಕ್ಲಿನಿಕ್‌ಗಳಲ್ಲಿ ನಡೆದವು. ಸಾಧಾರಣ ವೈದ್ಯರ ಬಳಿ ಬರುವ ಸಂಸಾರಗಳಿಗೆ ಇದು ದಕ್ಕೀತೇ ಎಂಬ ಅನುಮಾನ ನ್ಯಾಯವಾದದ್ದೇ.

ಅದಕ್ಕೆ 2023ರಲ್ಲಿ ಉತ್ತರ ಬಂತು. ಬಫಲೋ, ರೋಚೆಸ್ಟರ್, ಕೊಲಂಬಸ್, ಸೇಂಟ್ ಲೂಯಿಸ್ ಈ ನಾಲ್ಕು ನಗರಗಳ ಮಕ್ಕಳ ಕ್ಲಿನಿಕ್‌ಗಳಲ್ಲಿ 452 ಕುಟುಂಬಗಳನ್ನು ಎಪ್‌ಸ್ಟೀನ್ ಮತ್ತು ಡೆನೀಸ್ ವಿಲ್ಫ್ಲೀ ಅವರ ತಂಡ ಎರಡು ವರ್ಷ ಹಿಂಬಾಲಿಸಿತ್ತು. ಎಂದಿನ ಸಲಹೆಯನ್ನಷ್ಟೇ ಪಡೆದ ಮಕ್ಕಳಿಗಿಂತ ಕುಟುಂಬದೊಂದಿಗೆ ಚಿಕಿತ್ಸೆ ಪಡೆದ ಮಕ್ಕಳು ಉತ್ತಮ ಸ್ಥಿತಿಯಲ್ಲಿದ್ದರು. ಹೆತ್ತವರ ತೂಕವೂ ಇಳಿದಿತ್ತು. ಆ ಮನೆಗಳಲ್ಲಿ ತೂಕ ಹೆಚ್ಚಿದ್ದ ಅಣ್ಣತಮ್ಮ ಅಕ್ಕತಂಗಿಯರನ್ನೂ ತಂಡ ಅಳೆದಿತ್ತು. ಅವರಿಗೆ ಚಿಕಿತ್ಸೆ ಕೊಟ್ಟಿರಲಿಲ್ಲ, ಬಣ್ಣದ ಪಟ್ಟಿ ಹಿಡಿದು ಬರೆಯಲು ಹೇಳಿರಲಿಲ್ಲ. ಅವರೂ ಸುಧಾರಿಸಿದ್ದರು.