ಬಚ್ಚಲಿನ ಬಲ್ಬು ಹೇಳಿದ ಲೆಕ್ಕ

ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮನ ಮನೆ. ಹಳೆಯ ಕಾಲದ ಮನೆಯಾದ್ದರಿಂದ ಬಚ್ಚಲು ಬೇರೆಯೇ ಇದೆ. ಅಂಗಳ ದಾಟಿ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಡೆದರೆ ಅರುವತ್ತು ಮೀಟರ್ ದೂರ. ಕಳೆದ ಆಷಾಢದಲ್ಲಿ ಹೋದಾಗ ಅವರದು ಒಂದೇ ದೂರು: "ಈ ಹೀಟರ್ ಕೆಟ್ಟಿದೆ. ಹಾಕಿದ ಕೂಡಲೇ ಬಚ್ಚಲಿನ ಬಲ್ಬು ಮಂಕಾಗುತ್ತದೆ, ನೀರೂ ಬೇಗ ಕಾಯುವುದಿಲ್ಲ."

ಮಳೆಗಾಲದ ಕೊಡಗಿನಲ್ಲಿ ಇಂಥ ಮಾತಿಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಕರೆಂಟು ಡಿಮ್ಮು. ಆದರೆ ಹೀಟರ್ ಹಾಕಿದಾಗ ಮನೆಯೊಳಗಿನ ಬಲ್ಬುಗಳು ಮಾತ್ರ ಇದ್ದ ಹಾಗೆಯೇ ಉರಿಯುತ್ತಿದ್ದವು. ಹಾಗಾದರೆ ಕೊರತೆ ಊರಿನ ಲೈನಿನದಲ್ಲ. ಮನೆಗೂ ಬಚ್ಚಲಿಗೂ ನಡುವೆ ಎಲ್ಲೋ ಕುಳಿತಿದೆ. ಅದನ್ನು ಹುಡುಕಲು ಗೋಡೆ ಒಡೆಯಬೇಕಿಲ್ಲ, ತಂತಿ ಬಿಚ್ಚಬೇಕಿಲ್ಲ. ಎರಡು ಅಂಕಿಗಳು ಸಾಕು: ವೋಲ್ಟೇಜ್ ಎಷ್ಟು, ಹರಿಯುವ ಕರೆಂಟು ಎಷ್ಟು.

ವೋಲ್ಟೇಜ್ ಎಂದರೆ ತಂತಿಯಲ್ಲಿ ವಿದ್ಯುತ್ತನ್ನು ಮುಂದಕ್ಕೆ ತಳ್ಳುವ ಒತ್ತಡ. ಹರಿಯುವ ಪ್ರಮಾಣವನ್ನು ಆಂಪಿಯರ್‌ನಲ್ಲಿ ಅಳೆಯುತ್ತೇವೆ. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ದಾರಿ ಒಡ್ಡುವ ತಡೆ, ಅಂದರೆ ರೋಧ, ಓಮ್‌ಗಳಲ್ಲಿ ಸಿಗುತ್ತದೆ. ಅವೆರಡನ್ನೂ ಗುಣಿಸಿದರೆ ಪ್ರತಿ ಸೆಕೆಂಡಿಗೆ ಖರ್ಚಾಗುವ ಶಕ್ತಿ, ಅಂದರೆ ವ್ಯಾಟ್. ಒಂದು ಭಾಗಾಕಾರ, ಒಂದು ಗುಣಾಕಾರ. ಐದನೆಯ ತರಗತಿಯ ಗಣಿತವೇ ಇಷ್ಟು ದೂರ ಕರೆದೊಯ್ಯುತ್ತದೆ ಎಂಬುದು ನನಗೆ ಇಂದಿಗೂ ಸಂಭ್ರಮದ ವಿಷಯ.

ಮೀಟರ್ ಬೋರ್ಡಿನ ಬಳಿ 226 ವೋಲ್ಟ್ ಇತ್ತು. ಹೀಟರ್ ಉರಿಯುತ್ತಿದ್ದಾಗ ಬಚ್ಚಲಿನ ಸಾಕೆಟ್ಟಿನಲ್ಲಿ ಬರೀ 204. ತಂತಿ ಬಿಚ್ಚದೆಯೇ ಹರಿವನ್ನು ಅಳೆಯುವ ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಒಂದೇ ತಂತಿಯನ್ನು ಹಿಡಿದಾಗ 5.8 ಆಂಪಿಯರ್ ತೋರಿಸಿತು. (ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದರೆ ಹೋಗುವ ಹರಿವೂ ಬರುವ ಹರಿವೂ ಒಂದನ್ನೊಂದು ಅಳಿಸಿ ಸೊನ್ನೆ ಕಾಣುತ್ತದೆ.) 204ನ್ನು 5.8ರಿಂದ ಭಾಗಿಸಿದರೆ ಸುಮಾರು 35 ಓಮ್. ಹೀಟರಿನ ಮೇಲೆ ಬರೆದಿದ್ದದ್ದು 230 ವೋಲ್ಟ್, 1500 ವ್ಯಾಟ್. 1500ನ್ನು 230ರಿಂದ ಭಾಗಿಸಿದರೆ ಸುಮಾರು 6.5 ಆಂಪಿಯರ್, 230ನ್ನು ಮತ್ತೆ ಅದರಿಂದ ಭಾಗಿಸಿದರೆ ಇರಬೇಕಾದ ರೋಧವೂ 35 ಓಮ್. ಹೀಟರ್ ಸರಿಯಾಗಿಯೇ ಇದೆ! ಆದರೆ ಅದಕ್ಕೆ ಸಿಗುತ್ತಿರುವುದು 204ನ್ನು 5.8ರಿಂದ ಗುಣಿಸಿದಷ್ಟು, ಅಂದರೆ 1183 ವ್ಯಾಟ್ ಮಾತ್ರ. ರೋಧ ಬದಲಾಗದಿದ್ದರೆ ವೋಲ್ಟೇಜ್ ಇಳಿದಾಗ ಕರೆಂಟೂ ಜೊತೆಯಲ್ಲೇ ಇಳಿಯುತ್ತದೆ, ಹಾಗಾಗಿ ಪೆಟ್ಟು ಎರಡು ಸಲ ಬೀಳುತ್ತದೆ. ವೋಲ್ಟೇಜ್ ಅರ್ಧವಾದರೆ ಬಿಸಿ ಕಾಲುಭಾಗಕ್ಕೆ ಬರುತ್ತದೆ.

ತೋಟದ ಪಂಪಿಗೆ ಈ ಲೆಕ್ಕ ಹೀಗೆಯೇ ಹೊಂದುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕುವಾಗ ವೋಲ್ಟೇಜ್ ಇಳಿದರೆ, ಹೊರೆ ಹೊತ್ತ ಮೋಟಾರು ಸಾಮಾನ್ಯವಾಗಿ ಹೆಚ್ಚು ಕರೆಂಟು ಎಳೆದು ತನ್ನ ಸುರುಳಿಯನ್ನೇ ಕಾಯಿಸಿಕೊಳ್ಳುತ್ತದೆ. ಹೀಟರ್ ಅಷ್ಟು ಜಟಿಲವಾದ ವಸ್ತುವಲ್ಲ, ಅದಕ್ಕೇ ಕಲಿಯಲು ಒಳ್ಳೆಯದು.

ಇನ್ನು ಕಳೆದುಹೋದ 22 ವೋಲ್ಟ್. ಅದನ್ನು 5.8ರಿಂದ ಭಾಗಿಸಿದರೆ 3.8 ಓಮ್. ಅಂಗಳ ದಾಟುವ ದಾರಿಯಲ್ಲಿ ಇಷ್ಟು ತಡೆ ಇದೆ. ಅಲ್ಲಿ ಎಳೆದಿದ್ದದ್ದು 1.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಅಂಥದ್ದು ಕಿಲೋಮೀಟರಿಗೆ ಸುಮಾರು 12 ಓಮ್ ರೋಧ ಒಡ್ಡುತ್ತದೆ. ಹೋಗಲು ಅರುವತ್ತು, ಬರಲು ಅರುವತ್ತು, ಒಟ್ಟು 120 ಮೀಟರಿಗೆ ಒಂದೂವರೆ ಓಮಿಗಿಂತ ತುಸು ಕಡಿಮೆ ಬರಬೇಕು. ಉಳಿದ 2.3 ಓಮ್ ಎಲ್ಲಿಂದ ಬಂತು?

ಜಾರ್ಜ್ ಸೈಮನ್ ಓಮ್ ಇದ್ದಿದ್ದರೆ ಈ ಪ್ರಶ್ನೆಯನ್ನು ತುಂಬ ಇಷ್ಟಪಡುತ್ತಿದ್ದರು. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದ ಅವರು ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಹರಿವನ್ನು ಅಳೆದವರು. ಆಗಿನ ಬ್ಯಾಟರಿಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಎರಡು ಲೋಹಗಳ ಒಂದು ಕೂಡುತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇರಿಸಿ ಪುಟ್ಟದಾದರೂ ಕದಲದ ವೋಲ್ಟೇಜನ್ನು ಪಡೆದರು. 1827ರಲ್ಲಿ ಪ್ರಕಟಿಸಿದ ಅವರ ಪುಸ್ತಕವನ್ನು ಸ್ವಂತ ನಾಡಿನವರೇ ಆದರಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ತಡೆಯನ್ನು ತಂತಿಯ ಉದ್ದವಾಗಿ ಕಾಣುವ ಅವರ ಕಣ್ಣಿನಿಂದ ನೋಡಿದರೆ, ನಮ್ಮ 2.3 ಓಮ್ ಎಂದರೆ ಸುಮಾರು 190 ಮೀಟರ್ ತಂತಿ. ಅಂಗಳದಲ್ಲಿ ಅಷ್ಟು ಉದ್ದದ ತಂತಿ ಯಾರ ಕಣ್ಣಿಗೂ ಬೀಳದೆ ಅಡಗಿರಲು ಸಾಧ್ಯವೇ ಇಲ್ಲ.

ಆಗ ಚಿಕ್ಕಮ್ಮನಿಗೆ ನೆನಪಾಯಿತು: "ಎರಡು ವರ್ಷದ ಹಿಂದೆ ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ತಿರುಚಿ ಟೇಪು ಸುತ್ತಿದ್ದರು."

ಮೇನ್ ಸ್ವಿಚ್ ಇಳಿಸಿ, ಕರೆಂಟಿಲ್ಲವೆಂದು ಟೆಸ್ಟರಿನಲ್ಲಿ ನೋಡಿಕೊಂಡ ಮೇಲೆ ವೈರಿಂಗ್ ಕೆಲಸದವರು ಏಣಿ ಹತ್ತಿದರು. ಹೆಬ್ಬೆರಳಿನಷ್ಟಿದ್ದ ಆ ಜಾಯಿಂಟಿನಲ್ಲಿ ಟೇಪು ಕರಗಿ ಅಂಟಿತ್ತು. ಒಳಗೆ ತಾಮ್ರ ಹಸಿರುಗಟ್ಟಿ, ಎಳೆಗಳು ಅಲ್ಲಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತಿದ್ದವು. ಅಲ್ಲಿ ಎಷ್ಟು ಬಿಸಿ ಹುಟ್ಟುತ್ತಿತ್ತು ಎಂದು ಲೆಕ್ಕ ಹಾಕಿದಾಗ ನನ್ನ ಎದೆ ಝಲ್ಲೆಂದಿತು. ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಬೇಕು: 5.8, ಮತ್ತೆ 5.8, ಮತ್ತೆ 2.3. ಸುಮಾರು 77 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ ಮೂರರಷ್ಟು! ಅದು ನೇತಾಡುತ್ತಿದ್ದದ್ದು ಸೌದೆ ಪೇರಿಸಿಟ್ಟ ಮಾಡಿನ ಕೆಳಗೆ. ಹರಿವು ಹದಿನಾರು ಆಂಪಿಯರ್ ದಾಟದಿದ್ದುದರಿಂದ ಎಂಸಿಬಿಗೂ, ಅಂದರೆ ಹರಿವು ಮಿತಿ ಮೀರಿದರೆ ತಾನಾಗಿಯೇ ಇಳಿಯುವ ಸ್ವಿಚ್ಚಿಗೂ, ಇದರ ಸುಳಿವು ಸಿಗುವಂತಿರಲಿಲ್ಲ. ಫ್ಯೂಸು, ಎಂಸಿಬಿಗಳು ನೋಡುವುದು ಒಟ್ಟು ಹರಿವನ್ನು ಮಾತ್ರ. ಒಂದೇ ಜಾಗದಲ್ಲಿ ಕುದಿಯುವ ತಡೆ ಅವುಗಳಿಗೆ ಕಾಣುವುದಿಲ್ಲ. ಕಂಡದ್ದು ಬಲ್ಬಿಗೆ, ಅದನ್ನು ಗಮನಿಸಿದ್ದು ಚಿಕ್ಕಮ್ಮ.

ಕೊಳೆತ ತುದಿಗಳನ್ನು ಕತ್ತರಿಸಿ, ಮಳೆ ತಾಗದ ಪೆಟ್ಟಿಗೆಯೊಳಗೆ ಸ್ಕ್ರೂ ಬಿಗಿಯುವ ಕನೆಕ್ಟರ್ ಹಾಕಿಸಿದೆವು. ಮತ್ತೆ ಅಳೆದಾಗ ಬಚ್ಚಲಿನಲ್ಲಿ 217 ವೋಲ್ಟ್, 6.2 ಆಂಪಿಯರ್. ಈಗ ಕಳೆಯುವುದು 9 ವೋಲ್ಟ್ ಮಾತ್ರ, 6.2ರಿಂದ ಭಾಗಿಸಿದರೆ ಒಂದೂವರೆ ಓಮ್ ಹತ್ತಿರ. ಇದು ತಂತಿಯದೇ ತಡೆ. ಹೀಟರಿಗೆ 1345 ವ್ಯಾಟ್ ಸಿಗುತ್ತಿದೆ. 217ನ್ನು 6.2ರಿಂದ ಭಾಗಿಸಿ ಬಂದ ಉತ್ತರವನ್ನು ಚಿಕ್ಕಮ್ಮನಿಗೆ ತೋರಿಸಿದೆ: ಮೊದಲಿನಂತೆಯೇ 35. ಹೊಸ ಹೀಟರಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಅವರು 4 ಚದರ ಮಿಲಿಮೀಟರಿನ ತಂತಿ ತರಿಸುವುದಾಗಿ ಹೇಳಿದರು.