ಮೂರು ಪಲ್ಟಿಯೋ, ಆರು ಪಲ್ಟಿಯೋ: ರೋಲರ್ ಕೋಸ್ಟರ್ ಎಣಿಕೆಯ ಕ್ರಮ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬರುವ ದೊಡ್ಡ ತೊಟ್ಟಿಲು, ಕೊಲಂಬಸ್ ಮೊದಲಾದ ಆಟಗಳ ಬೋಲ್ಟು, ಬೆಸುಗೆ, ಬ್ರೇಕುಗಳನ್ನು ತಪಾಸಣೆ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್ ನಾನು. ಈ ಸಲ ನನ್ನೊಂದಿಗೆ ಕೆಲಸ ಕಲಿಯಲು ಬಂದಿದ್ದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಹೈದರಾಬಾದಿನ ವಂಡರ್‌ಲಾದಲ್ಲಿ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಏರಿ ಬಂದಿದ್ದ. “ನಾ ಎಣಿಸೀನ್ರೀ ಸರ, ಆರು ಸಲ ತಲೆಕೆಳಗ ಆಗೇವಿ. ಆದ್ರ ಎಲ್ಲಾರೂ ಮೂರು ಅಂತಾರ, ಹೆಂಗ?” ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ.

ಇಬ್ಬರ ಎಣಿಕೆಯೂ ಸರಿಯಾಗಿದೆ. ಎಣಿಸಿದ ವಸ್ತು ಮಾತ್ರ ಬೇರೆ. ನೆಟ್ಟಗಿದ್ದ ಸವಾರರನ್ನು ಹಳಿಯು ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ತಂದರೆ ಅದು ಒಂದು ಇನ್ವರ್ಷನ್, ನಮ್ಮ ಮಾತಿನಲ್ಲಿ ಒಂದು ಪಲ್ಟಿ. ಈ ಲೆಕ್ಕ ಹಳಿಯದು, ಮೈಯದಲ್ಲ. ವಂಡರ್‌ಲಾದಲ್ಲಿರುವುದು ಬೂಮರಾಂಗ್ ಎಂಬ ಮಾದರಿ: ಬಂಡಿಯನ್ನು ಹಿಂದಕ್ಕೆ ಎಳೆದು ಎತ್ತರದಿಂದ ಬಿಡುತ್ತಾರೆ, ಅದು ಎರಡು ಪಲ್ಟಿಯ ಒಂದು ತಿರುವನ್ನೂ ಒಂದು ಲೂಪನ್ನೂ (ಲಂಬವಾಗಿ ನಿಂತ ಸುತ್ತನ್ನೂ) ದಾಟಿ ಎದುರಿನ ಏರನ್ನು ಹತ್ತುತ್ತದೆ, ಬಳಿಕ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಮರಳುತ್ತದೆ. ಹಳಿಯಲ್ಲಿ ಮೂರು, ಸವಾರನಿಗೆ ಆರು.

ಯಾವುದನ್ನು ಎಣಿಸಬಾರದು ಎಂಬುದರಲ್ಲಿ ಗೊಂದಲ ಹೆಚ್ಚು. ತಿರುವಿನಲ್ಲಿ ಹಳಿ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲಿದರೆ ಸವಾರನಿಗೆ ಮಗುಚಿದಂತೆ ಅನ್ನಿಸುತ್ತದೆ, ಆದರೆ ಅದನ್ನು ಅತಿ ವಾಲಿದ ತಿರುವು ಎಂದಷ್ಟೇ ಕರೆಯುತ್ತಾರೆ. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ಬ್ಯಾಟ್‌ಮ್ಯಾನ್ ಕೋಸ್ಟರ್‌ನಲ್ಲಿ ಬಂಡಿ ಹಳಿಯ ಕೆಳಗೆ ಜೋತಾಡುತ್ತದೆ. ಈ ಬಗೆಗೆ ‘ಇನ್ವರ್ಟೆಡ್’ ಎಂಬ ಹೆಸರಿದ್ದರೂ ಜೋತಾಡುವುದು ಪಲ್ಟಿಯಲ್ಲ, ಏಕೆಂದರೆ ಸವಾರನ ತಲೆ ಮೇಲೆಯೇ ಇರುತ್ತದೆ. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ಎಕ್ಸ್ ಎಂಬ ಕೋಸ್ಟರ್‌ನಲ್ಲಿ ಆಸನಗಳು ತಾವೇ ಗಿರಕಿ ಹೊಡೆಯುತ್ತವೆ. ಆ ಗಿರಕಿಗಳನ್ನು ಹಳಿಯ ಲೆಕ್ಕಕ್ಕೆ ಸೇರಿಸುವುದು ತಪ್ಪೆಂಬುದು ನನ್ನ ಅಭಿಪ್ರಾಯ.

ಹೆಸರುಗಳ ವಿಷಯ ಇನ್ನೂ ಸ್ವಾರಸ್ಯಕರವಾದದ್ದು, ಏಕೆಂದರೆ ಹೆಸರು ಗೊತ್ತಿದ್ದರೆ ಸಂಖ್ಯೆಯೂ ಗೊತ್ತಾಗುತ್ತದೆ. ಬೂಮರಾಂಗ್‌ನ ಎರಡು ಪಲ್ಟಿಯ ತಿರುವಿಗೆ ಕೋಬ್ರಾ ರೋಲ್ ಎನ್ನುತ್ತಾರೆ. ಎದುರಿನಿಂದ ನೋಡಿದರೆ ಅದು ಅರಳೀಕಟ್ಟೆಯ ನಾಗರಕಲ್ಲಿನ ಬಿಚ್ಚಿದ ಹೆಡೆಯೇ. ಬಂಡಿ ಒಂದು ಪಕ್ಕದಿಂದ ಹೆಡೆ ಏರಿ ಮಗುಚಿ, ನಡುವೆ ನೆಟ್ಟಗಾಗಿ, ಮತ್ತೆ ಮಗುಚಿ, ಬಂದ ದಿಕ್ಕಿಗೇ ತಿರುಗಿ ಹೊರಬೀಳುತ್ತದೆ. ಹೆಚ್ಚುಕಡಿಮೆ ಹೀಗೆಯೇ ಎರಡು ಸಲ ಮಗುಚಿ, ದಿಕ್ಕು ಬದಲಿಸದೆ ಮುಂದಕ್ಕೆ ಸಾಗಿದರೆ ಅದು ಸೀ ಸರ್ಪೆಂಟ್, ಅಂದರೆ ಕಡಲ ಹಾವು. ಬಾವಲಿಯ ರೆಕ್ಕೆಯ ಹೆಸರಿನ ಬ್ಯಾಟ್‌ವಿಂಗ್‌ನಲ್ಲಿಯೂ ಎರಡು. ಇಮ್ಮೆಲ್‌ಮನ್ ಎಂಬುದು ಮೊದಲ ಮಹಾಯುದ್ಧದ ಜರ್ಮನ್ ವಿಮಾನಚಾಲಕ ಮ್ಯಾಕ್ಸ್ ಇಮ್ಮೆಲ್‌ಮನ್‌ನ ಹೆಸರು: ಅರ್ಧ ಲೂಪ್ ಏರಿ, ತುದಿಯಲ್ಲಿ ಅರ್ಧ ಹೊರಳಿ ಇಳಿಯುವುದು. ಅದನ್ನೇ ಹಿಂದುಮುಂದು ಮಾಡಿ, ಮೊದಲು ಹೊರಳಿ ಆಮೇಲೆ ಅರ್ಧ ಲೂಪ್ ಇಳಿದರೆ ಡೈವ್ ಲೂಪ್. ಈ ಎರಡರಲ್ಲಿಯೂ ಒಂದೊಂದೇ ಪಲ್ಟಿ.

ಲೂಪ್ ಎಂದರೆ ಬಳೆಯಂತೆ ದುಂಡಗಿನದು ಎಂದು ಅನೇಕರು ತಿಳಿದಿದ್ದಾರೆ. ಪೂರ್ಣ ವೃತ್ತವಾದರೆ, ತುದಿಯಲ್ಲಿ ಬಂಡಿ ಹಳಿಯನ್ನು ಬಿಡದಿರಲು ಬೇಕಾದಷ್ಟೇ ವೇಗವಿದ್ದರೂ, ತಳದಲ್ಲಿ ಸವಾರನ ಮೇಲೆ ಅವನ ತೂಕದ 6 ಪಟ್ಟು ಭಾರ ಬೀಳುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ವೃತ್ತ ಎಷ್ಟೇ ದೊಡ್ಡದಿದ್ದರೂ ಉತ್ತರ ಇದೇ. ಕತ್ತು ತಡೆಯುವ ಭಾರವಲ್ಲ ಅದು. ಆದ್ದರಿಂದ 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಎಂಬ ಕೋಸ್ಟರ್‌ಗೆ ಜರ್ಮನಿಯ ವೆರ್ನರ್ ಸ್ಟೆಂಗೆಲ್ ಅವರು ತಳದಲ್ಲಿ ಅಗಲವಾಗಿಯೂ ತುದಿಯಲ್ಲಿ ಕಿರಿದಾಗಿಯೂ ಇರುವ, ನೀರಿನ ಹನಿಯನ್ನು ಹೋಲುವ ಕ್ಲೋತಾಯ್ಡ್ ವಕ್ರರೇಖೆಯನ್ನು ಬಳಸಿದರು. ಲೂಪ್‌ಗಳು ಮತ್ತೆ ಚಾಲ್ತಿಗೆ ಬಂದದ್ದು ಆ ರೇಖೆಯಿಂದ.

ಆ ದಶಕದಿಂದ ಸಂಖ್ಯೆಗೇ ಸ್ಪರ್ಧೆ ನಡೆಯಿತು. 1975ರ ಕಾರ್ಕ್‌ಸ್ಕ್ರೂ ಎಂಬ ಕೋಸ್ಟರ್‌ನಲ್ಲಿ 2 ಪಲ್ಟಿಗಳಿದ್ದವು. ಸ್ಪೇನಿನ ಡ್ರ್ಯಾಗನ್ ಖಾನ್‌ನಲ್ಲಿ 1995ರಲ್ಲಿ 8, ಇಂಗ್ಲೆಂಡಿನ ಕೊಲೋಸಸ್‌ನಲ್ಲಿ 2002ರಲ್ಲಿ 10, ಅಲ್ಲಿಯದೇ ಆಲ್ಟನ್ ಟವರ್ಸ್‌ನ ಸ್ಮೈಲರ್‌ನಲ್ಲಿ 2013ರಲ್ಲಿ 14. ಸ್ಮೈಲರ್‌ನಲ್ಲಿ ಹೆಸರಿಟ್ಟ ತಿರುವುಗಳನ್ನು ಎಣಿಸುತ್ತಾ ಹೋದರೆ 14 ಸಿಗುವುದಿಲ್ಲ, ಏಕೆಂದರೆ ಅಲ್ಲಿಯ ಕೋಬ್ರಾ ರೋಲ್, ಬ್ಯಾಟ್‌ವಿಂಗ್, ಸೀ ಸರ್ಪೆಂಟ್ ಒಂದೊಂದೂ ಎರಡೆರಡು ಪಲ್ಟಿಗಳನ್ನು ಒಳಗೊಂಡಿವೆ.

ಆದರೂ ವಿದ್ಯಾರ್ಥಿಯ ಆರನ್ನು ನಾನು ತಳ್ಳಿಹಾಕಲಾರೆ. ಉಕ್ಕು ದಣಿಯುವುದು ಭಾರ ಎಷ್ಟು ಸಲ ಬಂದು ಹೋಯಿತು ಎಂಬುದರ ಮೇಲೆ. ಸುತ್ತು ಹಾಕಿ ನಿಲ್ದಾಣಕ್ಕೆ ಮರಳುವ ಕೋಸ್ಟರ್‌ನಲ್ಲಿ ಲೂಪಿನ ತಳದ ಬೆಸುಗೆ ಒಂದು ಸವಾರಿಗೆ ಒಂದು ಸಲ ಭಾರ ಹೊತ್ತರೆ, ಬೂಮರಾಂಗ್‌ನಲ್ಲಿ ಅದೇ ಬೆಸುಗೆ ಎರಡು ಸಲ ಹೊರುತ್ತದೆ. ಮೂರು ಎಂದಷ್ಟೇ ಬರೆದುಕೊಂಡು ಬಿರುಕಿನ ತಪಾಸಣೆಯ ಅವಧಿಯನ್ನು ನಿಗದಿ ಮಾಡಿದರೆ ಬೆಸುಗೆಯ ನಿಜವಾದ ದುಡಿಮೆಯ ಅರ್ಧವಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಆದ ಕಾರಣ ಅವನ ವಹಿಯಲ್ಲಿ ಎರಡು ಸಾಲುಗಳನ್ನು ಬರೆಸಿದೆ: ಹಳಿಯ ಪಲ್ಟಿ 3, ಸವಾರಿಯೊಂದಕ್ಕೆ ದಾಟುವಿಕೆ 6.